ಕೆಟಲಿನ ಮೇಲಿದ್ದ ಕೈ

"ಚೆನ್ನಾಗಿದೆ ಅಕ್ಕ," ಎಂದಳು ತಂಗಿ. ಅಷ್ಟೇ ಅಂದಳು. ಸಮುದ್ರದಲ್ಲಿ ಮಿಂದು ಬಂದವಳ ಕೂದಲಿನಿಂದ ನೀರು ಬಾಡಿಗೆ ಕೋಣೆಯ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಕಟ್ಟೆಯ ಮೇಲಿದ್ದ ಹಿತ್ತಾಳೆಯ ಕೆಟಲು ಮಧ್ಯಾಹ್ನದ ಬಿಸಿಲನ್ನು ಹಿಡಿದು ಎದುರು ಗೋಡೆಗೆ, ಛಾವಣಿಗೆ, ತಂಗಿಯ ಕುತ್ತಿಗೆಗೆ ಎರಚುತ್ತಿತ್ತು. ತಂಗಿ ಅದರ ಕಡೆ ಕೈ ಚಾಚಿದಳು, ಮುಟ್ಟಲಿಲ್ಲ. ಟವೆಲನ್ನು ಕುರ್ಚಿಯ ಮೇಲೆ ಹಾಕಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದಾಯಿತು. ನೀರು ಬಹಳ ಹೊತ್ತು ಒಂದೇ ಸಮ ಬಿತ್ತು, ಯಾರೂ ಅದರಡಿ ನಿಂತಿಲ್ಲದ ನೀರಿನ ಸದ್ದು. ಹೊರಗೆ ಅಕ್ಕ ಹಿಂಡಿ ಮುಗಿದ ನಿಂಬೆ ಸಿಪ್ಪೆಗಳನ್ನು ಕಾಗದದಲ್ಲಿ ಸುತ್ತುತ್ತಾ ಆ 'ಚೆನ್ನಾಗಿದೆ'ಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆ ದನಿ ಅವಳಿಗೆ ಗೊತ್ತು. ತಂಗಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದಾಗ, ಓದು ಹತ್ತದ ಮಕ್ಕಳ ತಾಯಂದಿರನ್ನು ಕೂರಿಸಿಕೊಂಡು "ಪ್ರಯತ್ನ ಪಡ್ತಾನೆ, ಚೆನ್ನಾಗಿ ಪ್ರಯತ್ನ ಪಡ್ತಾನೆ" ಅನ್ನುತ್ತಿದ್ದ ದನಿ ಅದು. ಆ ತಾಯಂದಿರು ಸೆರಗಿನ ತುದಿ ತಿರುಚುತ್ತಾ ಎದ್ದು ಹೋಗುತ್ತಿದ್ದರು. ಅವಳಿಗೆ ಈಗ ತಿರುಚಲು ನಿಂಬೆ ಸಿಪ್ಪೆ ಸಿಕ್ಕಿತ್ತು.

ರಜೆಗೆ ಕರೆತಂದವಳು ತಂಗಿಯೇ. ಸಮುದ್ರ ನೋಡೋಣ ಬಾ ಅಕ್ಕ ಎಂದವಳು ಇಲ್ಲಿಗೆ ಬಂದ ಮೇಲೆ ಸಮುದ್ರಕ್ಕೆ ಬೆನ್ನು ಹಾಕಿ ದಿನವೂ ಬೆಳಿಗ್ಗೆ ಗುಜರಿ ಅಂಗಡಿಗಳ ಓಣಿ ಹೊಕ್ಕಳು. ಗುಜರಿ ಅನ್ನಬಾರದಂತೆ, ಹಳೆಯ ಸಾಮಾನು ಅನ್ನಬೇಕಂತೆ. ಅವಳು ಚೀಲ ಹಿಡಿದು ಹಿಂದೆ ಹಿಂದೆ ಹೋದಳು. ಬುಟ್ಟಿ ತುಂಬ ಬಾಗಿಲಿಲ್ಲದ ಬಾಗಿಲ ಗುಂಡಿಗಳು, ಗೋಡೆಗೆ ಒರಗಿಸಿದ ಕನ್ನಡಿಗಳಲ್ಲಿ ಹುಳು ತಿಂದ ಹಾಗೆ ಕಪ್ಪು ಚುಕ್ಕಿ, ಗಾಜಿನ ಬಟ್ಟಲಲ್ಲಿ ಯಾರದೋ ಹಲ್ಲಿನ ಸೆಟ್ಟು. ಸತ್ತವರ ಹಲ್ಲನ್ನೂ ಮಾರುತ್ತಾರಲ್ಲ ಎಂದು ಅವಳು ಅಂದದ್ದಕ್ಕೆ ತಂಗಿ ನಕ್ಕಿದ್ದಳು. "ಎಷ್ಟು ಹಳೇದು ನೋಡಕ್ಕ" ಎಂದು ತಂಗಿ ಅಂದಾಗಲೆಲ್ಲ ಅವಳಿಗೆ ಅದು "ಎಷ್ಟು ಕಾಲದಿಂದ ಯಾರೂ ಒರೆಸಿಲ್ಲ ನೋಡಕ್ಕ" ಎಂದೇ ಕೇಳುತ್ತಿತ್ತು. ಕೈ ತುರಿಸುತ್ತಿತ್ತು. ಬದುಕಿಡೀ ಅವಳು ಮಾಡಿದ್ದು ಅದೊಂದೇ ಕೆಲಸ: ದೊಡ್ಡ ಕಚೇರಿ ಕಟ್ಟಡವೊಂದರಲ್ಲಿ ಮಹಡಿಯ ಮೇಲೆ ಮಹಡಿ ಹಿತ್ತಾಳೆ ಉಜ್ಜುವುದು. ಬಾಗಿಲ ಹಿಡಿ, ಮೆಟ್ಟಿಲ ಕಂಬಿ, ಲಿಫ್ಟಿನ ಗುಂಡಿಯ ಪಟ್ಟಿ, ಸಾಲುಸಾಲು ಹೆಸರಿನ ಫಲಕಗಳು. ಕೆಳಗಿನಿಂದ ಉಜ್ಜುತ್ತಾ ಮೇಲಿನ ಮಹಡಿ ಮುಟ್ಟುವ ಹೊತ್ತಿಗೆ ಕೆಳಗಿನದು ಮಂಕಾಗಿರುತ್ತಿತ್ತು. ಕಟ್ಟಡದ ಜನ ಅವಳನ್ನು ಫಳಫಳಮ್ಮ ಅನ್ನುತ್ತಿದ್ದರು. ಫಳಫಳಮ್ಮ ಬಂದಳು, ಮುಖ ನೋಡಿಕೊಳ್ಳಿ, ತಲೆ ಬಾಚಿಕೊಳ್ಳಿ. ಆ ಹೊಳಪಿನಲ್ಲೇ ತಂಗಿ ಓದಿದ್ದು, ಮೇಡಂ ಆದದ್ದು. ಈಗ ರೈಲು ತಂಗಿಯದು, ಕೋಣೆ ತಂಗಿಯದು, ಕುಡಿದ ಎಳನೀರೂ ತಂಗಿಯದು. ತಾನು ಕೊಡುವುದಕ್ಕೆ ಏನಿದೆ? ಕೈ ಇದೆ. ತಂಗಿ ಅಷ್ಟು ಆಸೆಪಟ್ಟು ಕೊಂಡು ತಂದ ಕೆಟಲು ಮಸಿ ಹಿಡಿದು, ಹಸಿರು ಕಟ್ಟಿ ಕೂತಿತ್ತು. ತಂಗಿ ಈಜಲು ಹೋದ ಹೊತ್ತು ನೋಡಿ ಬಾಗಿಲು ಹಾಕಿಕೊಂಡು, ನಿಂಬೆ, ಉಪ್ಪು, ಚೀಲದಲ್ಲಿ ಸದಾ ಇರುವ ಫ್ಲಾನಲ್ ಬಟ್ಟೆ ತೆಗೆದು ಕೂತಿದ್ದಳು. ಉಜ್ಜುವಾಗ ಹಾಡೂ ಹೇಳಿಕೊಂಡಿದ್ದಳು. ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತಿತ್ತು.

ಸಂಜೆ ತಂಗಿ ಬಾಲ್ಕನಿಯಲ್ಲಿ ನಿಂತು ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಒಳಗೆ ಅವಳು ಹಾಸಿಗೆಯ ಚಾದರ ಮಡಚುತ್ತಿದ್ದಳು; ಗಾಳಿ ಮಾತನ್ನು ಒಳಕ್ಕೇ ತಂದು ಹಾಕಿತು. "ಎಲ್ಲಾ ಹೋಯ್ತು ರೀ. ಪೂರ್ತಿ... ಇಲ್ಲ, ಏನೂ ಅನ್ನಲಿಲ್ಲ. ಹೇಗೆ ಬೈಯೋದು? ಪಾಪ, ಅವಳಿಗೇನು ಗೊತ್ತಾಗುತ್ತೆ. ಶೋಕೇಸಲ್ಲಿ ಇಡ್ತೀನಿ ಬಿಡಿ, ಅವಳಿಗೂ ಸಮಾಧಾನ." ಚಾದರದ ನಾಲ್ಕು ಮೂಲೆ ಸರಿಹೊಂದಲಿಲ್ಲ. ಬಿಡಿಸಿ ಮತ್ತೆ ಮಡಚಿದಳು. ಏನು ಹೋಯಿತು ಎಂದು ತಿಳಿಯಲಿಲ್ಲ, ಆದರೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ತಂಗಿಯ ಮನೆಯ ಗಾಜಿನ ಬೀರುವಿನಲ್ಲಿ ಕೆಟಲು. ಬಂದವರು ಕೇಳುತ್ತಾರೆ, ಇದೇನು ಇಷ್ಟು ಹೊಸದು? ತಂಗಿ ದನಿ ತಗ್ಗಿಸುತ್ತಾಳೆ. ಅಡುಗೆಮನೆಯಲ್ಲಿ ಅಕ್ಕ ಲೋಟ ತೊಳೆಯುತ್ತಿರುತ್ತಾಳೆ. ಪಾಪ. ಇರುವಷ್ಟು ದಿನ, ಹೋದ ಮೇಲೂ, ಆ ಕೆಟಲಿನ ಬಾಯಿಂದ ಪಾಪ ಪಾಪ ಎಂದು ಸುರಿಯುತ್ತಲೇ ಇರುತ್ತದೆ. ಅದು ಆಗಕೂಡದು ಎಂದುಕೊಂಡಳು. ಏನಾದರೂ ಸರಿ, ಅದೊಂದು ಆಗಕೂಡದು.

ಬೆಳಿಗ್ಗೆ ತಂಗಿ ಏಳುವ ಮುಂಚೆ ಕೆಟಲನ್ನು ಬಟ್ಟೆಯಲ್ಲಿ ಸುತ್ತಿ ಓಣಿಗೆ ಹೋದಳು. ಕೆಟಲು ಮಾರಿದ ಅಂಗಡಿಯವನನ್ನು ಊರವರು ಆಮೆ ಅನ್ನುತ್ತಿದ್ದರು. ಒಂದು ಕಾಲು ನೆಟ್ಟಗಿರಲಿಲ್ಲ, ಅಂಗಡಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಕೊಳ್ಳುವವರ ಮನಸ್ಸು ಬದಲಾಗುತ್ತದೆ ಎಂದು ಅವನೇ ತಮಾಷೆ ಮಾಡಿಕೊಳ್ಳುತ್ತಿದ್ದ. "ಬನ್ನಿ ತಾಯಿ, ಮೇಡಂ ಬರ್ಲಿಲ್ವಾ?" ಎಂದವನು ಬಟ್ಟೆ ಬಿಚ್ಚಿದ್ದನ್ನು ನೋಡಿ ಕನ್ನಡಕ ಏರಿಸಿದ. ನಗು ಬಂದುಬಿಟ್ಟಿತು ಅವನಿಗೆ. "ಸ್ನಾನ ಮಾಡಿಸಿಬಿಟ್ರಾ!"

"ಉಜ್ಜಿದೆ. ತಪ್ಪಾಯ್ತಾ? ಇದ್ದದ್ದು ಇದ್ದ ಹಾಗೆ ಹೇಳಿ, ಸುತ್ತಿ ಬಳಸಬೇಡಿ."

ಅವನು ನಗು ನಿಲ್ಲಿಸಿದ. ಕೆಟಲನ್ನು ಎರಡೂ ಕೈಯಲ್ಲಿ ತಿರುಗಿಸಿ ಹಿಂಬದಿಯ ಹೊಟ್ಟೆ ತೋರಿಸಿದ. "ಇಲ್ಲೊಂದು ಕೈ ಇತ್ತಲ್ಲ ತಾಯಿ. ಹಡಗಿನ ಅಡುಗೆಮನೆಯ ಕೆಟಲು. ಹಡಗು ಅಲ್ಲಾಡೋವಾಗ ಟೀ ಬಗ್ಗಿಸ್ಬೇಕಲ್ಲ, ಯಾವನೋ ಅಡುಗೆಯವನು ಇನ್ನೊಂದು ಕೈಯಲ್ಲಿ ಹಿಂದಿಂದ ಹೀಗೆ ಒತ್ತಿ ಹಿಡೀತಿದ್ದ. ವರ್ಷಗಟ್ಟಲೆ ಒಂದೇ ಕೈ. ಮೈಯೆಲ್ಲ ಕಪ್ಪಾದ್ರೂ ಅಷ್ಟು ಜಾಗ ಮಾತ್ರ ಸವೆದು ತಿಳಿಯಾಗಿತ್ತು, ಅಂಗೈ, ಹೆಬ್ಬೆರಳು ಎಲ್ಲಾ. ಮೇಡಂ ಮೊದಲನೇ ದಿನ ತಮ್ಮ ಕೈ ಅದರ ಮೇಲಿಟ್ಟು ನಿಂತವರು ನಿಂತೇ ಇದ್ರು. ಆಮೇಲೆ ಚೌಕಾಸಿನೇ ಮಾಡ್ಲಿಲ್ಲ."

"ಮತ್ತೆ ಬರುತ್ತಾ ಅದು?"

"ಯಾಕೆ ಬರಲ್ಲ? ಇನ್ನೊಬ್ಬ ಅಡುಗೆಯವನು ಅವನ ಆಯಸ್ಸೆಲ್ಲ ಅಲ್ಲೇ ಹಿಡಿದು ಟೀ ಬಗ್ಗಿಸಿದ್ರೆ ಬರುತ್ತೆ."

ಅವಳು ಕೆಟಲನ್ನು ವಾಪಸ್ಸು ಸುತ್ತಿಕೊಂಡಳು. ಓಣಿಯಲ್ಲಿ ಅಂಗಡಿಗಳು ಒಂದೊಂದೇ ಬಾಗಿಲು ತೆರೆಯುತ್ತಿದ್ದವು. ಯಾರೋ ಕುರ್ಚಿಗಳನ್ನು ಹೊರಗೆ ತಂದಿಟ್ಟು ಅವುಗಳ ಧೂಳನ್ನು ಒರೆಸದೆ ಹಾಗೇ ಬಿಡುತ್ತಿದ್ದ. ಬೇಕೆಂದೇ ಬಿಡುತ್ತಿದ್ದ ಎಂದು ಅವಳಿಗೆ ಇಂದು ಮೊದಲ ಸಲ ಹೊಳೆಯಿತು. ಮೂರನೇ ಮಹಡಿಯ ವಕೀಲರ ಬಾಗಿಲು ನೆನಪಾಯಿತು. ಆ ಫಲಕವನ್ನು ಅವಳು ಮಿಕ್ಕವಕ್ಕಿಂತ ಹೆಚ್ಚು ಉಜ್ಜುತ್ತಿದ್ದಳು, ಅವರು ನಮಸ್ಕಾರಕ್ಕೆ ನಮಸ್ಕಾರ ಹೇಳುವವರು ಎಂದು. ಒಂದು ದಿನ ಅವರು ಬಾಗಿಲಲ್ಲೇ ನಿಂತು ಫಲಕದ ಮೇಲೆ ಬೆರಳಾಡಿಸಿ, "ಏನಮ್ಮಾ, ನನ್ನ ಹೆಸರನ್ನೇ ತಿಂದುಬಿಟ್ಟೆಯಲ್ಲ," ಎಂದರು. ಅಕ್ಷರ ಸವೆದು ನುಣ್ಣಗಾಗಿತ್ತು. ಹುಡುಕಿಕೊಂಡು ಬಂದವರು ಆ ಬಾಗಿಲು ದಾಟಿ ಮುಂದಕ್ಕೆ ಹೋಗುತ್ತಿದ್ದರಂತೆ. ಗುಮಾಸ್ತರೆಲ್ಲ ನಕ್ಕರು, ಅವಳೂ ನಕ್ಕಳು, ಮೆಟ್ಟಿಲಿಳಿದು ನೀರಿನ ಕೋಣೆಗೆ ಹೋಗಿ ಬಕೆಟ್ ತುಂಬುವವರೆಗೂ ನಗುತ್ತಲೇ ಇದ್ದಳು. ಆದರೆ ವಕೀಲರು ಬೈದಿದ್ದರು. ಎದುರಿಗೆ ನಿಂತು, ಮುಖ ನೋಡಿ, ತಿಂದುಬಿಟ್ಟೆ ಎಂದಿದ್ದರು. ಮರುದಿನ ಹೊಸ ಫಲಕವನ್ನು ಹೇಗೆ ಉಜ್ಜಬೇಕೆಂದು ಅವಳ ಹತ್ತಿರವೇ ಕೇಳಿದ್ದರು. ಬೈದವರ ಹತ್ತಿರ ಮರುದಿನ ಹೋಗಬಹುದು. ಬೈಯದೆ ಬಿಟ್ಟವರ ಹತ್ತಿರ ಹೇಗೆ ಹೋಗುವುದು? ಸಮುದ್ರದ ಕಡೆಯಿಂದ ಗಾಳಿ ಬಂದು ಸುತ್ತಿದ ಬಟ್ಟೆಯ ತುದಿ ಬಿಚ್ಚಿತು. ತಂಗಿ ನನ್ನನ್ನು ಬೈಯಬೇಕು, ಎಂದುಕೊಂಡಳು ಅವಳು. ಅದೊಂದು ಸಣ್ಣ ಕೆಲಸದ ಹಾಗೆ, ಬೆಳಿಗ್ಗೆ ಹಿಡಿದು ಸಂಜೆಯೊಳಗೆ ಮುಗಿಸಬೇಕಾದ ಮಹಡಿಯ ಹಾಗೆ ಎದುರಿಗೆ ನಿಂತಿತು.

ಊಟಕ್ಕೆ ಕೂತಾಗ ಶುರು ಮಾಡಿದಳು. "ಆಮೆ ಹೇಳಿದ. ಕೈ ಇತ್ತಂತೆ. ನಾನು ತಿಕ್ಕಿ ಹಾಕಿದೆ. ಬೈಯಿ ನನ್ನ."

"ಅಯ್ಯೋ, ಅಲ್ಲಿಗೆ ಹೋಗಿದ್ಯಾ? ಬಿಡಕ್ಕ, ಒಂದು ಕೆಟಲು. ಪ್ರೀತಿಯಿಂದ ಮಾಡಿದ್ದಲ್ವಾ ನೀನು?"

"ಪ್ರೀತಿ ಕಟ್ಟಿಕೊಂಡು ಏನಾಗ್ಬೇಕು? ಬೈಯಿ ಅಂದ್ರೆ ಬೈಯಿ."

"ಸರಿ, ಬೈದೆ. ಈಗ ಊಟ ಮಾಡು, ಆರಿಹೋಗುತ್ತೆ."

ತಂಗಿ ಅವಳ ತಟ್ಟೆಗೆ ಅನ್ನ ಬಡಿಸಿದಳು, ಕೇಳದೆಯೇ. ಈ ತಂಗಿ ಎಲ್ಲಿಂದ ಬಂದಳು? ಇವಳು ಒಂದು ಕಾಲಕ್ಕೆ ಬಾಚಣಿಗೆಗಾಗಿ ಅವಳ ಕೈ ಕಚ್ಚಿ ರಕ್ತ ಬರಿಸಿದವಳು. ಬಾಯಿ ಬಿಟ್ಟರೆ ಬೀದಿಯ ಆ ಕೊನೆಗೆ ಕೇಳುತ್ತಿತ್ತು. ಎರಡು ಬೆಕ್ಕು ಸಾಕಿದ್ದೇನೆ, ಇಲಿ ಮಾತ್ರ ಹಿಡಿಯುವುದಿಲ್ಲ ಎಂದು ಅಮ್ಮ ಅನ್ನುತ್ತಿದ್ದಳು. ಅಪ್ಪ ತೀರಿಕೊಂಡು, ಅವಳು ಬಕೆಟ್ ಹಿಡಿದು ಕಟ್ಟಡಕ್ಕೆ ಹೋಗತೊಡಗಿದ ಮೇಲೆ ಯಾವತ್ತೋ ಒಂದು ದಿನ ತಂಗಿ ಕಚ್ಚುವುದನ್ನು ಬಿಟ್ಟಳು. ಯಾವತ್ತು ಎಂದು ಎಷ್ಟು ಯೋಚಿಸಿದರೂ ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದು ತಂಗಿಯ ನೋಟ: ಮನೆಗೆ ಬಂದವಳ ಬೆರಳು ನೋಡಿ, ಸೀಳಿದ ಉಗುರು ನೋಡಿ, ಪುಸ್ತಕದೊಳಕ್ಕೆ ಇಳಿದುಹೋಗುತ್ತಿದ್ದ ಮುಖ. ಅಂದಿನಿಂದ ಇಂದಿನವರೆಗೆ ಒಂದು ಗಟ್ಟಿ ಮಾತಿಲ್ಲ. ಹಬೆಯಾಡುವ ಅನ್ನ ಇದೆ, ಉಣ್ಣೆಯ ಶಾಲು ಇದೆ, ಕಣ್ಣಿನ ಆಪರೇಷನ್ ಇದೆ. ಋಣ ತೀರಿಸುವವರ ಮನೆಯಲ್ಲಿ ಜಗಳವೆಲ್ಲಿ ಬರಬೇಕು?

ಮಧ್ಯಾಹ್ನ ಕೆಟಲನ್ನು ಮರಳಿಗೆ ಒಯ್ದಳು. ಉಪ್ಪುಗಾಳಿಗೆ ಹಿತ್ತಾಳೆಯ ಹೊಳಪು ಒಂದು ವಾರ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಉಪ್ಪಲ್ಲೇ ಹೂತರೆ ಇನ್ನೂ ಬೇಗ. ಅಲೆ ಬಂದು ಹೋಗುವ ಒದ್ದೆಯಲ್ಲಿ ಗುಂಡಿ ತೋಡಿ, ಕೆಟಲನ್ನು ಇಟ್ಟು, ಮಗುವಿಗೆ ಹೊದಿಸುವ ಹಾಗೆ ಮರಳು ಮುಚ್ಚಿ ಪಕ್ಕದಲ್ಲಿ ಕೂತಳು. ರಜೆಗೆ ಬಂದ ಜನ ಅವಳನ್ನು ಸುತ್ತಿ ಬಳಸಿ ಓಡಾಡಿದರು. ಹುಚ್ಚು ಮುದುಕಿ ಅಂದುಕೊಂಡರೆ ಅಂದುಕೊಳ್ಳಲಿ, ತಂಗಿ ನೋಡಿದರೆ ಮಾನ ಹೋಯಿತೆಂದಾದರೂ ಸಿಡಿಯುತ್ತಾಳೆ. ತಂಗಿ ಬಂದಳು. ಕೊಡೆ ತಂದಿದ್ದಳು. ಅವಳ ತಲೆಯ ಮೇಲೆ ಕೊಡೆ ಹಿಡಿದು, ಕೈಚೀಲದಿಂದ ಉಪ್ಪಿನ ಪೊಟ್ಟಣ ತೆಗೆದು ಕೊಟ್ಟಳು. "ಇದನ್ನೂ ಹಾಕಬೇಕಂತೆ ಅಕ್ಕ. ಆಮೆನ ಕೇಳ್ಕೊಂಡು ಬಂದೆ." ಇಬ್ಬರೂ ಸೇರಿ ಉಪ್ಪು ಸುರಿದರು. ಅವಳಿಗೆ ಅಳು ಬಂತು, ಕೋಪಕ್ಕೆ. ಎರಡು ದಿನ ಬಿಟ್ಟು ತೆಗೆದಾಗ ಕೆಟಲಿನ ಮೈಮೇಲೆ ಅಲ್ಲಲ್ಲಿ ಗಜಕರ್ಣ ಎದ್ದ ಹಾಗೆ ಹಸಿರು ಮಚ್ಚೆ. ತಂಗಿ ತಲೆ ವಾಲಿಸಿ ನೋಡಿದಳು. "ಒಂಥರಾ ಚೆನ್ನಾಗೇ ಇದೆ," ಎಂದಳು.

ಭಾನುವಾರ ಬಂದರಿನ ಹಿಂದಿನ ಬಯಲಿನಲ್ಲಿ ಹಳೆಯ ಸಾಮಾನಿನ ಸಂತೆ. ಯಾರು ಬೇಕಾದರೂ ಮನೆಯ ಬೇಡದ್ದನ್ನು ತಂದು ನೆಲದ ಮೇಲೆ ಹರವಿ ಕೂರಬಹುದು. ತಂಗಿ ಚಿತ್ರದ ಚೌಕಟ್ಟುಗಳ ಕಡೆ ಹೋಗುತ್ತಲೂ ಅವಳು ಕೋಣೆಗೆ ಹಿಂದಿರುಗಿ ಹಾಸಿಗೆಯ ಚಾದರ, ಕೆಟಲು, ಫ್ಲಾನಲ್ ಬಟ್ಟೆ ತೆಗೆದುಕೊಂಡು ಬಂದಳು. ಚಮಚ ಮಾರುವ ಹೆಂಗಸೊಬ್ಬಳ ಪಕ್ಕ ಜಾಗವಿತ್ತು. ಚಾದರ ಹಾಸಿ, ನಟ್ಟನಡುವೆ ಆ ಒಂದು ಕೆಟಲನ್ನಿಟ್ಟು ಕೂತಳು.

"ಇಷ್ಟೇನಾ ಅಜ್ಜಿ ನಿಮ್ಮ ಅಂಗಡಿ?" ಎಂದಳು ಚಮಚದವಳು.

"ಇಷ್ಟೇ. ಇದನ್ನು ಮಾರಿಯೇ ಏಳೋದು."

"ಏನು ಕಾಯಿಲೆ ಇದಕ್ಕೆ?"

ಅವಳು ಮಚ್ಚೆಗಳನ್ನು ನೋಡಿದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬಟ್ಟೆ ತೆಗೆದು ಉಜ್ಜತೊಡಗಿದಳು. ಕದ್ದು ಉಜ್ಜಲಿಲ್ಲ, ಎಲ್ಲರ ಕಣ್ಣೆದುರು, ಮೂತಿಯಿಂದ ಶುರುಮಾಡಿ ಹೊಟ್ಟೆಗೆ, ಹೊಟ್ಟೆಯಿಂದ ಬುಡಕ್ಕೆ, ಮೊಣಕೈ ಊರಿ, ಕಟ್ಟಡದ ಕಂಬಿ ಉಜ್ಜುತ್ತಿದ್ದ ಹಾಗೆ. ಇದು ಬರುತ್ತದೆ ನನಗೆ, ಎಂದು ಕೈ ತಾನೇ ಹೇಳುತ್ತಿತ್ತು, ತಪ್ಪೋ ಸರಿಯೋ ಇದೊಂದು ಬರುತ್ತದೆ. ಚಮಚದವಳು ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ಅಜ್ಜಿ, ಇಲ್ಲಿ ಹೊಳೆಯೋದನ್ನ ಯಾರೂ ಮೂಸಲ್ಲ. ನಾನು ಹೊಸಾ ಚಮಚಾನೇ ಕೊಳೆ ಹಾಕಿ ಹಳೇದು ಮಾಡಿ ತರ್ತೀನಿ." ಆದರೂ ಜನ ನಿಂತರು. ಕೆಟಲು ಒಂದೊಂದೇ ಬದಿಗೆ ಬೆಂಕಿ ಹೊತ್ತಿಕೊಂಡ ಹಾಗೆ ಏಳುತ್ತಿದ್ದುದನ್ನು ನೋಡುವುದಕ್ಕೇ ನಿಂತರು. ಹೊಸದಾಗಿ ಮನೆ ಹೂಡಿದವರ ಹಾಗೆ ಕಂಡ ಗಂಡಹೆಂಡತಿ ಬಗ್ಗಿ ಕೂತರು. ಟೀ ಕಾಯಿಸಬಹುದಾ ಇದರಲ್ಲಿ ಎಂದು ಆ ಹುಡುಗಿ ಕೇಳಿದಳು. ಧಾರಾಳವಾಗಿ ಕಾಯಿಸು ಎಂದು ಅವಳು ಕೆಟಲನ್ನು ಹುಡುಗಿಯ ಕೈಗೆ ಕೊಟ್ಟಳು. ಅಷ್ಟರಲ್ಲಿ ಜನರ ನಡುವಿನಿಂದ ತಂಗಿಯ ಬಿಳಿ ಟೋಪಿ ಬಂತು.

ತಂಗಿ ನೆಲದ ಚಾದರ ನೋಡಿದಳು, ಅಕ್ಕನ ಕೈಯಲ್ಲಿದ್ದ ಕಪ್ಪು ಬಟ್ಟೆ ನೋಡಿದಳು, ಹುಡುಗಿಯ ಕೈಯಲ್ಲಿ ಉರಿಯುತ್ತಿದ್ದ ಕೆಟಲು ನೋಡಿದಳು.

"ಅಕ್ಕ, ಏನಿದು?"

"ಮಾರ್ತಾ ಇದ್ದೀನಿ."

"ಅದು ನಂದು."

"ಗೊತ್ತು."

"ಮತ್ತೆ ಉಜ್ಜಿದ್ಯಾ?"

"ಹೂಂ. ಚೆನ್ನಾಗಿ ಬಂದಿದೆ."

ತಂಗಿಯ ಮುಖದಲ್ಲಿ ಆ ನಗು ಮೂಡಲು ನೋಡಿತು, ಹೆಡ್‌ಮಿಸ್ಸಿನ ನಗು. ತುಟಿಯವರೆಗೆ ಬಂದದ್ದು ಅಲ್ಲೇ ಮುರಿಯಿತು. ಹುಡುಗಿಯ ಕೈಯಿಂದ ಕೆಟಲನ್ನು ಕಿತ್ತುಕೊಂಡಳು. "ಯಾರೇ ಹೇಳಿದ್ದು ನಿನಗೆ? ಹಾಂ? ಯಾರು ಹೇಳಿದ್ದು ಮುಟ್ಟು ಅಂತ? ನನ್ನ ಸಾಮಾನು ಕಣೇ ಇದು! ನಾನು ಇಷ್ಟಪಟ್ಟು ತಂದಿದ್ದು! ಎಲ್ಲಾದಕ್ಕೂ ಕೈ ಹಾಕ್ತೀಯ, ಏನಿದ್ರೂ ತಿಕ್ಕಿ ತಿಕ್ಕಿ ಬೋಳು ಮಾಡ್ತೀಯ, ಯಾವಾಗ್ಲೂ ಹಾಗೇ ನೀನು. ನನ್ನ ಮುಖ ತೊಳೆಸೋವಾಗ್ಲೂ ಚರ್ಮ ಕಿತ್ತು ಬರೋ ಹಾಗೆ ತಿಕ್ತಿದ್ದೆ!" ಟೋಪಿ ಜಾರಿ ಬೆನ್ನಿಗೆ ಬಿತ್ತು. ದನಿ ಬಯಲಿನ ಆ ಕೊನೆಗೆ ಕೇಳುವಷ್ಟಾಗಿತ್ತು. ಚಮಚದವಳು ಚಮಚ ಜೋಡಿಸುವುದನ್ನು ಬಿಟ್ಟಳು. ಅಕ್ಕ ತಲೆಯೆತ್ತಿ ತಂಗಿಯನ್ನು ನೋಡುತ್ತಾ, ಬೈಯಿ, ಬೈಯಿ, ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳು. ಆದರೆ ತಂಗಿ ಅಲ್ಲಿಗೆ ನಿಲ್ಲಿಸಲಿಲ್ಲ.

"ಅಪ್ಪನ ಗೋಡೆ," ಎಂದಳು ತಂಗಿ.

"ಯಾವ ಗೋಡೆ?"

"ನೆನಪೂ ಇಲ್ಲ ನಿನಗೆ. ಅಪ್ಪ ಕೆಲಸದಿಂದ ಬಂದು ಗೋಡೆಗೆ ತಲೆ ಒರಗಿಸಿ ಕೂರ್ತಿದ್ನಲ್ಲ. ತಲೆ ಎಣ್ಣೆ ಹಿಡಿದು ಅಲ್ಲೊಂದು ಗುರುತಾಗಿತ್ತು, ಇಷ್ಟಗಲ. ಅಪ್ಪ ಹೋದ್ಮೇಲೆ ನಾನು ಸ್ಕೂಲಿಂದ ಬಂದು ಅಲ್ಲಿ ತಲೆ ಇಟ್ಕೊಂಡು ಕೂರ್ತಿದ್ದೆ. ವಾಸನೆ ಇತ್ತು ಇನ್ನೂ. ಒಂದಿನ ಬಂದು ನೋಡ್ತೀನಿ, ನೀನು ಬಕೆಟ್ ಇಟ್ಕೊಂಡು, ಸೋಡಾ ಹಾಕಿ, ಅಷ್ಟೂ ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದೀಯ. 'ಜಿಡ್ಡು ಹೋಯ್ತು ನೋಡೇ' ಅಂದೆ. ನಗ್ತಾ ಅಂದೆ!"

ಬಯಲಿನಲ್ಲಿ ಗಾಳಿ ಬೀಸುತ್ತಿತ್ತು, ಎಲ್ಲೋ ತಗಡಿನ ಸಾಮಾನೊಂದು ಉರುಳಿತು. ಅವಳು ಗೋಡೆಯನ್ನು ಹುಡುಕಿದಳು. ಮೊದಲು ಬಕೆಟ್ ಸಿಕ್ಕಿತು, ಆಮೇಲೆ ಅಂಗೈ ಉರಿ, ಆಮೇಲೆ ಗೋಡೆ. ಹೌದು, ತಿಕ್ಕಿದ್ದಳು. ಕಟ್ಟಡದಲ್ಲಿ ಕೆಲಸಕ್ಕೆ ಸೇರಿದ ಹೊಸತು, ಕೈಗೆ ಆಗತಾನೆ ಕಲಿತದ್ದು. ಮನೆಗೆ ಸಂತಾಪಕ್ಕೆ ಬರುವವರು ಗೋಡೆ ನೋಡಿ ಏನಂದಾರು ಎಂದು ತಿಕ್ಕಿದ್ದಳು. ಹಿಂದೆ ಬಾಗಿಲಲ್ಲಿ ಪುಸ್ತಕದ ಚೀಲ ಹಿಡಿದು ಒಂದು ಹುಡುಗಿ ನಿಂತದ್ದು ಈಗ ಕಾಣುತ್ತಿತ್ತು, ಆಗ ಕಂಡಿರಲಿಲ್ಲ. ಆ ಹುಡುಗಿ ಏನಂದಳು? ಚೆನ್ನಾಗಿದೆ ಅಕ್ಕ, ಎಂದಿರಬೇಕು. ಯಾವತ್ತು ಕಚ್ಚುವುದನ್ನು ಬಿಟ್ಟಳು ಎಂದು ಹುಡುಕುತ್ತಿದ್ದಳಲ್ಲ, ಅವತ್ತು. ತಾನು ಬಯಸಿದ್ದು ಇದನ್ನಲ್ಲ, ಒಂದು ಕೆಟಲಿನಷ್ಟು ಬೈಗುಳ ಸಾಕಿತ್ತು. ಎದ್ದು ಹೋಗಿಬಿಡಬಹುದು. ತಪ್ಪಾಯಿತು ಎಂದು ಕೈ ಮುಗಿದುಬಿಡಬಹುದು. ಮುಗಿದರೆ ತಂಗಿ ತಕ್ಷಣ ಕಣ್ಣೊರೆಸಿಕೊಂಡು ಬಿಡಕ್ಕ ಅನ್ನುತ್ತಾಳೆ, ಮತ್ತೆ ಅನ್ನ ಬಡಿಸುತ್ತಾಳೆ, ಎಲ್ಲ ಮೊದಲಿನ ಹಾಗೆ ಬೆಳ್ಳಗಾಗುತ್ತದೆ. ಅವಳು ಕೈ ಮುಗಿಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಇನ್ನೂ ಇದೆಯೇನೇ?" ಎಂದಳು.

ತಂಗಿ ಏದುತ್ತಿದ್ದಳು. ಕೆಟಲನ್ನು ಹೊಟ್ಟೆಗೆ ಅವಚಿಕೊಂಡಿದ್ದಳು, ಜನ ನೋಡುತ್ತಿರುವುದು ಆಗ ತಾನೇ ಕಣ್ಣಿಗೆ ಬಿದ್ದ ಹಾಗೆ ಸುತ್ತ ನೋಡಿದಳು. "ಇದೆ," ಎಂದಳು.

ಅವಳು ಚಾದರದ ಮೇಲೆ ಸರಿದು ಜಾಗ ಮಾಡಿದಳು. ತಂಗಿ ಮಂಡಿ ಹಿಡಿದುಕೊಂಡು ದೊಪ್ಪೆಂದು ಪಕ್ಕದಲ್ಲಿ ಕೂತಳು. ಟೀ ಕಾಯಿಸಬಹುದಾ ಎಂದು ಕೇಳಿದ್ದ ಹುಡುಗಿ ಇನ್ನೂ ಹೋಗಿರಲಿಲ್ಲ. ಗಂಡನ ಮುಖ ನೋಡಿ, ಧೈರ್ಯ ಮಾಡಿ, ಕೊಡ್ತೀರಾ ಆಂಟಿ ಎಂದು ಕೇಳಿದಳು.

"ಆಮೇಲೆ ಬಾಮ್ಮ," ಎಂದಳು ಅವಳು, ತಂಗಿಯ ಮೇಲಿನ ಕಣ್ಣು ತೆಗೆಯದೆ. "ನಾವೀಗ ಜಗಳ ಆಡ್ತಾ ಇದ್ದೀವಿ."